ಪೊರಕೆ, ಪೆನ್ಸಿಲ್ ಮತ್ತು ಜಪಾನಿನ ಪಾಠ

ಮಾನ್ಯರೇ,

ಜಪಾನಿನ ಮಕ್ಕಳು ತಮ್ಮ ತರಗತಿಯನ್ನು ತಾವೇ ಗುಡಿಸಿ ಒರೆಸುವ ವಿಡಿಯೊವೊಂದನ್ನು ಒಂಬತ್ತನೆಯ ತರಗತಿಗೆ ತೋರಿಸಿದಾಗ, "ಶಿಸ್ತು ಅವರ ರಕ್ತದಲ್ಲೇ ಇದೆಯಾ ಟೀಚರ್?" ಎಂದು ಹುಡುಗನೊಬ್ಬ ಕೇಳಿದನೆಂದೂ, ಉತ್ತರ ತೋಚದೆ ನೀವು ಪಾಠ ಮುಂದುವರಿಸಿದಿರೆಂದೂ ಬರೆದಿದ್ದೀರಿ. ಆ ದೇಶದ ಸಂಸ್ಕೃತಿ, ಸಮಾಜ, ರಾಜಕೀಯವನ್ನೆಲ್ಲ ಎರಡೇ ಪಿರಿಯಡ್‌ಗಳಲ್ಲಿ ಹೇಗೆ ಹೇಳುವುದೆಂದು ಕೇಳಿದ್ದೀರಿ.

ಶಿಸ್ತು ಇರುವುದು ಶಾಲೆಯ ವೇಳಾಪಟ್ಟಿಯಲ್ಲಿ ಎಂದು ಆ ಹುಡುಗನಿಗೆ ಹೇಳಬಹುದು. 'ಸೋಜಿ' ಎನ್ನುವ ಈ ಕೆಲಸಕ್ಕೆ ಅಲ್ಲಿನ ಬಹುತೇಕ ಶಾಲೆಗಳಲ್ಲಿ ಗಣಿತಕ್ಕಿರುವಂತೆಯೇ ನಿಗದಿತ ಹೊತ್ತಿದೆ. ಮಕ್ಕಳ ಗುಂಪುಗಳು ಕೊಠಡಿ, ಮೆಟ್ಟಿಲು, ಎಷ್ಟೋ ಕಡೆ ಶೌಚಾಲಯವನ್ನೂ ಸರದಿಯ ಮೇಲೆ ಸ್ವಚ್ಛಗೊಳಿಸುತ್ತವೆ. ಈ 'ಸರದಿ'ಯನ್ನು ದಯವಿಟ್ಟು ಒತ್ತಿ ಹೇಳಿ. ಶೌಚಾಲಯದ ಪೊರಕೆ ಯಾವ ಮಕ್ಕಳ ಕೈಗೆ ಹೋಗುತ್ತದೆ ಎಂಬುದಕ್ಕೆ ನಮ್ಮಲ್ಲಿ ಜಾತಿಯ ಚರಿತ್ರೆಯಿರುವುದರಿಂದ, "ಅವರನ್ನು ನೋಡಿ ಕಲಿಯಿರಿ" ಎಂಬ ಮಾತು ಹಿಂದಿನ ಬೆಂಚಿನ ಯಾವುದೋ ಮಗುವಿಗೆ ಬೇರೆಯೇ ರೀತಿಯಲ್ಲಿ ಕೇಳಿಸೀತು. ಜಪಾನಿಗೂ ಅಂಥದೇ ಚರಿತ್ರೆಯುಂಟು. ಸತ್ತ ದನಗಳ ವಿಲೇವಾರಿ, ಚರ್ಮ ಹದಮಾಡುವಂಥ ಕೆಲಸಗಳಲ್ಲಿದ್ದವರನ್ನು ಕೀಳೆಂದು ದೂರವಿಟ್ಟಿದ್ದ ವ್ಯವಸ್ಥೆಯನ್ನು 1871ರ ಸರ್ಕಾರಿ ಆಜ್ಞೆ ರದ್ದುಪಡಿಸಿತಾದರೂ, ಬುರಾಕುಮಿನ್ ಎನಿಸಿಕೊಂಡ ಅವರ ವಂಶಜರನ್ನು ಮದುವೆಯ ಮಾತುಕತೆಯಲ್ಲೂ ನೌಕರಿಯ ಆಯ್ಕೆಯಲ್ಲೂ ಆ ಹಣೆಪಟ್ಟಿ ಬಿಡಲಿಲ್ಲ. 1922ರಲ್ಲಿ ಅವರು ಕ್ಯೋಟೊದಲ್ಲಿ ಸುಯ್‌ಹೇಶಾ ಎಂಬ ಸಂಘಟನೆ ಕಟ್ಟಿದರು. 2016ರಷ್ಟು ಈಚೆಗೂ ಈ ತಾರತಮ್ಯದ ನಿವಾರಣೆಗೆಂದೇ ಅಲ್ಲಿನ ಸಂಸತ್ತು ಕಾನೂನೊಂದನ್ನು ಮಾಡಬೇಕಾಯಿತು. ನಿಮ್ಮ ವಿದ್ಯಾರ್ಥಿಗಳಿಗೆ ಇದು ಚೆರ್ರಿ ಹೂಗಳಿಗಿಂತ ಬೇಗ ಅರ್ಥವಾಗುತ್ತದೆ.

ರಾಜಕೀಯದ ಪಾಠವನ್ನು ಮತಪತ್ರದಿಂದ ಆರಂಭಿಸಿ. ಸಂಸತ್ತಿನ ಚುನಾವಣೆಯಲ್ಲಿ ಅಲ್ಲಿನ ಮತದಾರರು ಗುಂಡಿ ಒತ್ತುವುದಿಲ್ಲ, ಮುದ್ರೆಯನ್ನೂ ಹಾಕುವುದಿಲ್ಲ. ತಮಗೆ ಬೇಕಾದ ಅಭ್ಯರ್ಥಿಯ ಹೆಸರನ್ನು ಪೆನ್ಸಿಲ್ಲಿನಿಂದ ಬರೆಯುತ್ತಾರೆ. ಬರೆಯಲಾಗದವರಿಗೆ ಮತಗಟ್ಟೆಯ ಸಿಬ್ಬಂದಿ ಬರೆದುಕೊಡುತ್ತಾರೆ. ಹೆಸರನ್ನು ಬರೆಯುವ ಕಾಂಜಿ (ಚೀನಾ ಮೂಲದ) ಅಕ್ಷರ ತೊಡಕಿನದಾಗಿದ್ದರೆ ಅಭ್ಯರ್ಥಿ ಪೋಸ್ಟರಿನಲ್ಲಿ ಅದನ್ನು ಸುಲಭವಾದ ಹಿರಗಾನ ಲಿಪಿಯಲ್ಲಿ ಹಾಕಿಸಿಕೊಳ್ಳುತ್ತಾರೆ. ಒಂದೇ ಮನೆತನದ ಹೆಸರಿನ ಇಬ್ಬರು ಕಣದಲ್ಲಿದ್ದು, ಮತದಾರ ಅದಷ್ಟನ್ನೇ ಬರೆದಿದ್ದರೆ, ಅಂಥ ಮತಗಳನ್ನು ಇಬ್ಬರೂ ಪಡೆದ ಸ್ಪಷ್ಟ ಮತಗಳ ಪ್ರಮಾಣದಲ್ಲಿ ಹಂಚಲಾಗುತ್ತದೆ. ಹಾಗಾಗಿ ಫಲಿತಾಂಶದಲ್ಲಿ ದಶಮಾಂಶವೂ ಕಾಣಿಸುತ್ತದೆ! ನಮ್ಮ 1951-52ರ ಮೊದಲ ಮಹಾಚುನಾವಣೆಯಲ್ಲಿ, ಬಹುಪಾಲು ಮತದಾರರಿಗೆ ಓದು ಬಾರದಿದ್ದುದರಿಂದ, ಚಿಹ್ನೆಗಳನ್ನೇ ನಂಬಬೇಕಾಗಿತ್ತು. ಖಾಲಿ ಚೀಟಿ ಹಂಚಿ ಕ್ಲಾಸ್ ಲೀಡರ್ ಆಯ್ಕೆ ನಡೆಸಿ ನೋಡಿ. ತರಗತಿಯಲ್ಲಿ ಇಬ್ಬರು ಮಂಜುನಾಥರಿದ್ದರೆ ಇನ್ನೂ ಒಳ್ಳೆಯದು.

ಹೆಸರಿನ ಮಾತು ಬಂದಾಗ ಇನ್ನೊಂದು ವಿಷಯ ಸೇರಿಸಬಹುದು. ಗಂಡ ಹೆಂಡಿರಿಬ್ಬರೂ ಒಂದೇ ಮನೆತನದ ಹೆಸರು ಇಟ್ಟುಕೊಳ್ಳಬೇಕೆಂದು ಅಲ್ಲಿನ ಸಿವಿಲ್ ಸಂಹಿತೆ ಹೇಳುತ್ತದೆ. ಯಾರದೆಂದು ಅದು ಹೇಳದಿದ್ದರೂ ಬದಲಾಗುವುದು ಬಹುತೇಕ ಹೆಂಡತಿಯ ಹೆಸರೇ. ಇದನ್ನು ಪ್ರಶ್ನಿಸಿ ಹೋದವರಿಗೆ 2015ರಲ್ಲೂ 2021ರಲ್ಲೂ ಸುಪ್ರೀಂ ಕೋರ್ಟಿನಲ್ಲಿ ಸೋಲಾಯಿತು. ಹೆಸರಿನ ಹಿಂದೆ ಊರಿನ, ತಂದೆಯ ಇನಿಶಿಯಲ್ ಹೊತ್ತ ನಮ್ಮ ಹುಡುಗಿಯರಿಗೆ ಇದರ ಬಗ್ಗೆ ಹೇಳಲು ಏನಾದರೂ ಇದ್ದೇ ಇರುತ್ತದೆ, ಅವರು ಮಾತಾಡಲಿ. ಬುಲೆಟ್ ರೈಲಿಗೆ ಆಮೇಲೆ ಸಮಯ ಉಳಿಯಲಿಕ್ಕಿಲ್ಲ, ಆದರೆ ಅದನ್ನು ಅವರು ಮೊಬೈಲಿನಲ್ಲಿ ನೋಡಿಯೇ ಇರುತ್ತಾರೆ.

– ಸಂ.