ದಾವಣಗೆರೆಯಲ್ಲಿ 8 ಲಕ್ಷ ಇಟ್ಟುಕೊಂಡು ಸೈಟಿಗೆ ಕೈ ಹಾಕಬಹುದಾ?

ಕೈಯಲ್ಲಿ 8 ಲಕ್ಷ ಇದೆ, ದಾವಣಗೆರೆ ಸುತ್ತಮುತ್ತ ಸೈಟು ಕೊಂಡು ಶುರು ಮಾಡಬೇಕು, ಮೊದಲು ಏನು ಮಾಡಲಿ ಅಂತ ಕೇಳಿದ್ದೀರಿ. ಮೊದಲು ಏನೂ ಕೊಳ್ಳಬೇಡಿ. ಮೂರು ತಿಂಗಳು ಸುಮ್ನೆ ಸೈಟು ನೋಡಿ, ಕಾಗದ ಓದಿ.

ನಾನು ಇದನ್ನು ಉಲ್ಟಾ ಮಾಡಿದವನು. 2013ರಲ್ಲಿ ಹದಡಿ ರಸ್ತೆ ಕಡೆ 30-40ರ ಸೈಟು ತೆಗೆದುಕೊಂಡೆ. ಪಕ್ಕದ ಲೇಔಟಿನ ಅರ್ಧ ಬೆಲೆ. ಬ್ರೋಕರ್ ಬೆಣ್ಣೆ ದೋಸೆ ತಿನ್ನಿಸಿ, 'ನಾಳೆ ಇನ್ನೊಬ್ಬರು ಟೋಕನ್ ಕೊಡ್ತಾರೆ ಸಾರ್' ಅಂದ. ಅರ್ಧ ಬೆಲೆ ಯಾಕೆ ಅಂತ ನಾನು ಕೇಳಲೇ ಇಲ್ಲ. ಅದು ರೆವಿನ್ಯೂ ಸೈಟು. ಎನ್‌ಎ ಆಗದ, ಅಂದರೆ ಕೃಷಿಯೇತರ ಅಂತ ಬದಲಾಗದ ಹೊಲಕ್ಕೆ ಕಲ್ಲು ನೆಟ್ಟು ಮಾರಿದ್ದು. ನನ್ನ ಕೈಗೆ ಬಂದದ್ದು ಜಿಪಿಎ (ಅಧಿಕಾರ ಪತ್ರ) ಮತ್ತು ಅಗ್ರಿಮೆಂಟ್, ಕ್ರಯಪತ್ರ ಅಲ್ಲ. ಪಹಣಿ ಇವತ್ತಿಗೂ ರೈತರ ಹೆಸರಲ್ಲೇ ಇದೆ. ಮಾರಲು ಹೋದಾಗಲೆಲ್ಲ ಬಂದವರು ಇ-ಸ್ವತ್ತು (ಪಂಚಾಯಿತಿಯ ಡಿಜಿಟಲ್ ಖಾತಾ) ಕೇಳುತ್ತಾರೆ, ಟೀ ಕುಡಿದು ಹೋಗುತ್ತಾರೆ.

ಹಾಗಾಗಿ ಸೈಟು ಇಷ್ಟವಾದರೆ ಮೊದಲು ಡಿಸಿ ಕನ್ವರ್ಷನ್ ಆದೇಶ, ಅಂದರೆ ಹೊಲವನ್ನು ಕೃಷಿಯೇತರ ಮಾಡಿದ ಜಿಲ್ಲಾಧಿಕಾರಿ ಆದೇಶ ಕೇಳಿ. ಆಮೇಲೆ ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದಿಸಿದ ಲೇಔಟ್ ನಕ್ಷೆ. ನಿಮ್ಮ ಸೈಟ್ ನಂಬರ್ ಆ ನಕ್ಷೆಯಲ್ಲಿ ಇರಬೇಕು. ಪಾರ್ಕಿಗೆ ಬಿಟ್ಟ ಜಾಗವನ್ನೂ ಮಾರಿದವರಿದ್ದಾರೆ! ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತು, ನಗರದೊಳಗಾದರೆ ಇ-ಆಸ್ತಿ ಖಾತಾ. 500 ಚದರ ಮೀಟರ್‌ಗಿಂತ ದೊಡ್ಡ ಹೊಸ ಲೇಔಟ್ ಆದರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇರಬೇಕು, ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ಹಾಕಿ ನೋಡಿ.

ಇಸಿಯನ್ನು (ಋಣಭಾರ ಪತ್ರ, ಆಸ್ತಿಯ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ) ಕನಿಷ್ಠ 30 ವರ್ಷದ್ದು ತೆಗೆಸಿ. 2004ರಿಂದ ಈಚಿನದು ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಹಳೆಯದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಬೇಕು. ಇಸಿ ಸರಿ ಇದ್ದರೂ ಎರಡು ವಿಷಯ ಅದರಲ್ಲಿ ಕಾಣುವುದಿಲ್ಲ. ಒಂದು, ಜಮೀನು ಮಾರಿದ ಮನೆಯ ಹೆಣ್ಣುಮಕ್ಕಳ ಪಾಲು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದಮೇಲೆ ಪಿತ್ರಾರ್ಜಿತ ಜಮೀನಿನಲ್ಲಿ ಅವರಿಗೂ ಸಮಪಾಲು. ಅಣ್ಣತಮ್ಮಂದಿರು ಸಹಿ ಹಾಕಿದ ಮೇಲೆ ಹರಿಹರಕ್ಕೆ ಮದುವೆಯಾಗಿ ಹೋದ ಅಕ್ಕ ಕೇಸು ಹಾಕಬಹುದು. ವಂಶವೃಕ್ಷ ಕೇಳಿ, ಎಲ್ಲರ ಸಹಿ ಇದೆಯಾ ನೋಡಿ. ಇನ್ನೊಂದು, ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು. ಸರ್ಕಾರದ ಅನುಮತಿ ಇಲ್ಲದೆ ಮಾರಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಆ ಮಾರಾಟವೇ ನಿಲ್ಲುವುದಿಲ್ಲ. ಇವೆರಡಕ್ಕಾಗಿಯೇ ವಕೀಲರಿಗೆ ಫೀಸು ಕೊಡಿ. ಬ್ರೋಕರ್ ಹೇಳಿದ ವಕೀಲರಿಗಲ್ಲ, ನೀವೇ ಹುಡುಕಿದವರಿಗೆ.

ಈಗ ದುಡ್ಡು. ಸೈಟಿನ ಬೆಲೆಯಷ್ಟೇ ಖರ್ಚು ಅಂದುಕೊಳ್ಳಬೇಡಿ. ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 2. ಅಂದರೆ 15 ಲಕ್ಷದ ಸೈಟಿಗೆ 1 ಲಕ್ಷ 14 ಸಾವಿರ ಬೇರೆ. ಬ್ರೋಕರ್ ಕಮಿಷನ್ ಇನ್ನೂ ಬೇರೆ. ನೀವು ಕೊಟ್ಟ ಬೆಲೆ, ಸರ್ಕಾರದ ಮಾರ್ಗಸೂಚಿ ದರ (ಆ ಜಾಗಕ್ಕೆ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಬೆಲೆ), ಇವೆರಡರಲ್ಲಿ ಯಾವುದು ಜಾಸ್ತಿಯೋ ಅದರ ಮೇಲೆ ಈ ಲೆಕ್ಕ.

8 ಲಕ್ಷದಲ್ಲೇ ಪೂರ್ತಿ ಸೈಟು ಬೇಕು ಅಂದರೆ ನಿಮ್ಮನ್ನು ಕರೆದುಕೊಂಡು ಹೋಗುವುದು ನನ್ನ ಸೈಟಿನಂಥ ಕಡೆಗೇ. ಅದರ ಬದಲು ಅರ್ಧ ಕೈಯಿಂದ ಹಾಕಿ, ಉಳಿದದ್ದಕ್ಕೆ ಬ್ಯಾಂಕ್ ಸಾಲ ಕೇಳಿ. ಬ್ಯಾಂಕಿನವರು ಕಾಗದ ನೋಡಿ ಬೇಡ ಅಂದರೆ ನೀವೂ ಬೇಡ ಅನ್ನಿ. ಖಾಲಿ ಸೈಟಿನಿಂದ ಬಾಡಿಗೆ ಬರುವುದಿಲ್ಲ, ಕಂತು ಮಾತ್ರ ತಿಂಗಳು ತಿಂಗಳೂ ಬರುತ್ತದೆ. ಅದನ್ನು ಸಂಬಳದಲ್ಲಿ ಕಟ್ಟಲು ಆಗುತ್ತಾ ನೋಡಿಕೊಳ್ಳಿ.

ತುಮಕೂರು-ಚಿತ್ರದುರ್ಗ-ದಾವಣಗೆರೆ ರೈಲು ಮಾರ್ಗದ ಹೆಸರು ಹೇಳಿ 'ಇಲ್ಲೇ ಸ್ಟೇಷನ್ ಬರುತ್ತೆ' ಅನ್ನುವವರು ಬಹಳ. ಸ್ಟೇಷನ್ ಬಂದಾಗ ಬರಲಿ, ಅದರ ಬೆಲೆಯನ್ನು ಈಗಲೇ ಕೊಡಬೇಡಿ.

ನನ್ನ ಸೈಟು? ಅಲ್ಲೇ ಇದೆ. ಸುಗ್ಗಿಯಲ್ಲಿ ಪಕ್ಕದ ಹೊಲದವರು ಮೆಕ್ಕೆಜೋಳ ಒಣಗಿಸುತ್ತಾರೆ. ಬಾಡಿಗೆ ಕೇಳೋಣ ಅಂದರೆ ಪಹಣಿ ಅವರದೇ ಹೆಸರಲ್ಲಿದೆ.