ಅಕ್ಷರವೆಲ್ಲ ಗೊತ್ತು, ಕೂಡಿಸಿ ಓದಲು ಬಾರದು: ಆರು ವರ್ಷದ ಹುಡುಗನೊಬ್ಬನ ಪ್ರಕರಣ

(ಹೆಸರು, ಊರು ಮತ್ತು ಕುಟುಂಬದ ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ.)

ಹುಡುಗನನ್ನು ಪವನ್ ಎಂದು ಕರೆಯೋಣ. ವಯಸ್ಸು 6 ವರ್ಷ 5 ತಿಂಗಳು. ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಒಂದನೇ ತರಗತಿ ಓದುತ್ತಿದ್ದಾನೆ. ತಂದೆ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಾರೆ, ತಾಯಿ ಪಿಯುಸಿ ಓದಿದ್ದಾರೆ. ಮನೆಯಲ್ಲಿ ಎಲ್ಲರೂ ಆಡುವುದು ಕನ್ನಡ. ಅವನ ಇಂಗ್ಲಿಷ್ ಓದಿನ ಬಗ್ಗೆ ಸಲಹೆ ಕೇಳಲು ತಂದೆ-ತಾಯಿ ಬಂದಿದ್ದರು.

“ಮೇಡಂ, ಎಬಿಸಿಡಿ ಗಡಗಡ ಅಂತ ಹೇಳ್ತಾನೆ, ಫೋನಿಕ್ಸ್ ಹಾಡೂ ಬರುತ್ತೆ. ಮೂರಕ್ಷರದ ಪದ ಕೊಟ್ರೆ ಮಾತ್ರ ಕೂಡಿಸಕ್ಕೆ ಆಗಲ್ಲ, ನನ್ನ ಮುಖ ನೋಡ್ತಾ ಕೂರ್ತಾನೆ” ಎಂಬುದು ತಾಯಿಯ ದೂರು. (ಫೋನಿಕ್ಸ್ ಎಂದರೆ ಇಂಗ್ಲಿಷ್ ಅಕ್ಷರಗಳ ಸದ್ದು ಹಿಡಿದು ಓದು ಕಲಿಸುವ ಪದ್ಧತಿ.) ತಂದೆಗೆ ಇನ್ನೊಂದು ಅನುಮಾನವಿತ್ತು: “ಕನ್ನಡಾನ ಸ್ವಲ್ಪ ದಿನ ನಿಲ್ಸಿಬಿಡೋಣ್ವಾ? ಎರಡೂ ಸೇರಿ ಗೊಂದಲ ಆಗ್ತಿರಬಹುದು.”

ಕಿವಿ, ಕಣ್ಣಿನ ವಿಚಾರ ಮೊದಲು ಕೇಳಬೇಕಾದದ್ದು. ಕಿವಿ ಸೋರಿದ, ಪದೇಪದೇ ನೆಗಡಿಯಾಗಿ ಕಿವಿ ಕಟ್ಟಿದ ಇತಿಹಾಸವಿರಲಿಲ್ಲ. ಹಿಂದಿನಿಂದ ಮೆಲ್ಲಗೆ ಕರೆದರೂ ಓಗೊಡುತ್ತಿದ್ದ. ಕಣ್ಣಿನ ಪರೀಕ್ಷೆ ಶಾಲೆಯಲ್ಲೇ ಆಗಿತ್ತು. ಮಾತು ಬಂದದ್ದು ಸಕಾಲಕ್ಕೆ. ಅಜ್ಜಿ ಹೇಳಿದ ಕಥೆಯನ್ನು ಕ್ರಮ ತಪ್ಪದೆ ತಿರುಗಿ ಹೇಳಬಲ್ಲ.

ಶಾಲೆಯ ಪಠ್ಯವನ್ನು ಕೈಗೆ ಕೊಟ್ಟಾಗ ಎರಡು ಪುಟ ಸರಾಗವಾಗಿ ಓದಿದ. ಚಿತ್ರದ ಮೇಲೆ ಅಂಗೈ ಮುಚ್ಚಿ ನಡುವಿನ ಒಂದು ಪದ ತೋರಿಸಿದರೆ ನಿಂತುಬಿಟ್ಟ. ಓದು ಕಂಡದ್ದೆಲ್ಲ ಕಂಠಪಾಠ. ನಂತರ 26 ಸಣ್ಣಕ್ಷರಗಳ ಚೀಟಿಗಳನ್ನು ಕಲಸಿ ಒಂದೊಂದಾಗಿ ತೋರಿಸಲಾಯಿತು. ‘ಬಿ’, ‘ಡಿ’ ಅದಲುಬದಲಾದದ್ದು ಬಿಟ್ಟರೆ ಹೆಸರೆಲ್ಲ ಸರಿ. ಈ ಅದಲುಬದಲು ಆರೇಳು ವರ್ಷದವರೆಗೆ ಸಾಮಾನ್ಯ, ಅದೊಂದನ್ನೇ ಹಿಡಿದು ಯಾರೂ ಗಾಬರಿಯಾಗಬೇಕಿಲ್ಲ. “ಇದರ ಸದ್ದು ಯಾವುದು?” ಎಂದು ಕೇಳಿದರೆ ಹಾಡು ಹೊರಬರುತ್ತಿತ್ತು: “ಬ, ಬ, ಬಾಲ್.” ಒಂದೊಂದು ವ್ಯಂಜನದ ಕೊನೆಗೂ ‘ಅ’ ಸೇರಿತ್ತು.

ಪಿ, ಎ, ಎನ್ ಮೂರು ಚೀಟಿ ಜೋಡಿಸಿ ‘ಪ್ಯಾನ್’ ಪದವನ್ನು ಮುಂದಿಟ್ಟಾಗ ಬೆರಳಿಟ್ಟು ಓದಿದ: “ಪ… ಅ… ನ.” ಕೂಡಿಸು ಎಂದರೆ ಒಂದು ಕ್ಷಣ ಯೋಚಿಸಿ, ಮುಖ ಅರಳಿಸಿ, “ಪವನ!” ಎಂದ.

ಈ ಒಂದು ಉತ್ತರದಲ್ಲಿ ಪ್ರಕರಣದ ಮುಕ್ಕಾಲು ಪಾಲು ಇದೆ. ‘ಪ’, ‘ಅ’, ‘ನ’ಗಳನ್ನು ಎಷ್ಟೇ ವೇಗವಾಗಿ ಹೇಳಿದರೂ ‘ಪ್ಯಾನ್’ ಹುಟ್ಟುವುದಿಲ್ಲ. ಮಗು ಕೂಡಿಸುವುದರಲ್ಲಿ ತಪ್ಪಿಲ್ಲ, ಕೂಡಿಸಲು ಕೊಟ್ಟ ಸದ್ದುಗಳೇ ತಪ್ಪು. ಇಂಗ್ಲಿಷಿನ ‘ಎ’ ಅಕ್ಷರಕ್ಕೆ ಅವನು ‘ಅ’ ಎನ್ನುವುದಕ್ಕೂ ಕಾರಣವಿದೆ. ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಆ ಅಕ್ಷರ ಎರಡು ಸಲ ಬರುತ್ತದೆ, ಎರಡೂ ಸಲ ಅದರ ಸದ್ದು ‘ಅ’. ನಮ್ಮ ಮಕ್ಕಳು ಇಂಗ್ಲಿಷಿನಲ್ಲಿ ಮೊದಲು ಬರೆಯುವುದು ತಮ್ಮ ಹೆಸರನ್ನೇ ಆದ್ದರಿಂದ ಈ ಎಡವಟ್ಟು ಮನೆಮನೆಯಲ್ಲೂ ಕಾಣುತ್ತದೆ. ‘ಕಪ್’ ಬರೆಯಲು ಹೇಳಿದರೆ ‘ಯು’ ಬದಲು ‘ಎ’ ಹಾಕುವುದು ಇದರ ಇನ್ನೊಂದು ಮುಖ.

ಮುಂದಿನ ಪರೀಕ್ಷೆ ಬರೀ ಕಿವಿಯದು. “ಗ–ರ–ಗ–ಸ, ಏನಾಯಿತು?” ಥಟ್ಟನೆ “ಗರಗಸ” ಬಂತು. “ಬ್–ಅ–ಸ್?” ಉತ್ತರವಿಲ್ಲ. ಕನ್ನಡದ ಅಕ್ಷರ ಒಂದು ಉಚ್ಚಾರದ ತುಂಡು. ‘ಕ’ ಎಂದರೆ ‘ಕ್’ ಮತ್ತು ‘ಅ’ ಎರಡೂ ಸೇರಿದ್ದು. ಅದನ್ನು ಒಡೆದು ನೋಡುವ ಅಗತ್ಯ ಕನ್ನಡ ಓದು ಆರಂಭಿಸುವ ಮಗುವಿಗೆ ಬೇಗ ಬರುವುದಿಲ್ಲ. ಕನ್ನಡ ಓದಿನ ಬಗ್ಗೆ ಸಂಶೋಧಕಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳುತ್ತದೆ: ಉಚ್ಚಾರದ ತುಂಡುಗಳ ಅರಿವು ಮಕ್ಕಳಲ್ಲಿ ಬೇಗ ಗಟ್ಟಿಯಾಗುತ್ತದೆ, ಬಿಡಿ ಧ್ವನಿಯ ಅರಿವು ನಿಧಾನ. ಹಾಗಾಗಿ ಪವನ್‌ನಲ್ಲಿ ಕಂಡದ್ದು ದೋಷವಲ್ಲ. ಅವನಿಗೆ ಯಾರೂ ಕಲಿಸದೆ ಬಿಟ್ಟ ಒಂದು ಮೆಟ್ಟಿಲು ಅದು.

ಅದರ ಮೇಲೆ ಮೂರು ಪದ್ಧತಿಗಳು ಒಟ್ಟಿಗೆ ನಡೆಯುತ್ತಿದ್ದವು. ಶಾಲೆಯಲ್ಲಿ ಸದ್ದು, ಟ್ಯೂಷನ್ನಿನಲ್ಲಿ “ಸಿ ಎ ಟಿ ಕ್ಯಾಟ್” ಎಂದು ಸ್ಪೆಲಿಂಗ್ ಉರು, ಮೊಬೈಲಿನಲ್ಲಿ ಹಾಡು. ‘ಸಿ, ಎ, ಟಿ’ ಎಂಬ ಹೆಸರುಗಳಿಂದ ‘ಕ್ಯಾಟ್’ ಹೇಗೆ ಹುಟ್ಟುತ್ತದೆಂದು ಮಗುವಿಗೆ ತಿಳಿಯುವ ದಾರಿಯೇ ಇಲ್ಲ. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಸದ್ದು. ಇಂಗ್ಲಿಷಿನಲ್ಲಿ 26 ಅಕ್ಷರ, ಸುಮಾರು 44 ಧ್ವನಿ, ಹೆಸರೊಂದು, ಸದ್ದೊಂದು.

ಕುಟುಂಬಕ್ಕೆ ಕೊಟ್ಟ ಮೊದಲ ಸಲಹೆ ದೊಡ್ಡವರ ಬಾಯಿಗೆ ಸಂಬಂಧಿಸಿದ್ದು. ತಾಯಿಯೇ ‘ಪ’, ‘ಟ’ ಎನ್ನುತ್ತಿದ್ದರು. ‘ಕಪ್’ ಎಂದು ಹೇಳಿ, ತುಟಿ ಮುಚ್ಚಿದ ಕಡೆ ನಿಲ್ಲಿಸಿ ಎಂದು ತಿಳಿಸಲಾಯಿತು. ಅಲ್ಲಿ ಬರುವುದೇ ಬೇಕಾದ ‘ಪ್’. ‘ಬಸ್’ ಕೊನೆಯಲ್ಲಿ ‘ಸ್’, ‘ಪಿನ್’ ಕೊನೆಯಲ್ಲಿ ‘ನ್’. ಸ್, ಮ್, ನ್, ಫ್, ಲ್, ರ್ ಎಳೆಯಬಹುದಾದ ಸದ್ದುಗಳು, ಎರಡು ಸೆಕೆಂಡ್ ಹಿಡಿದು ಹೇಳಬಹುದು. ಪ್, ಟ್, ಕ್‌ಗಳನ್ನು ಪಿಸುಮಾತಿನಲ್ಲಿ ಹೇಳಬೇಕು. ಕತ್ತಿನ ಮೇಲೆ ಬೆರಳಿಟ್ಟುಕೊಂಡರೆ ಅಲ್ಲಿ ನಡುಕ ಬರಬಾರದು, ಬಂದರೆ ‘ಅ’ ನುಸುಳಿದೆ ಎಂದರ್ಥ. ಬ್, ಡ್, ಗ್‌ಗಳನ್ನು ಸ್ವರವಿಲ್ಲದೆ ಪೂರ್ತಿ ಶುದ್ಧವಾಗಿ ಹೇಳಲು ದೊಡ್ಡವರಿಗೂ ಆಗುವುದಿಲ್ಲ, ಚುಟುಕಾಗಿ ಮುಗಿಸಿದರೆ ಸಾಕು.

ಎರಡನೆಯದು ಬಳಪ, ಸ್ಲೇಟು, ಹುಣಸೆಬೀಜದ ಕೆಲಸ. ಸ್ಲೇಟಿನ ಮೇಲೆ ಸಾಲಾಗಿ ಮೂರು ಚೌಕ ಬರೆದು, ಕೆಳಗೆ ಮೂರು ಬೀಜ ಇಡುವುದು. ತಾಯಿ ‘ಬಸ್’ ಎಂದು ಎಳೆದು ಹೇಳಿದಂತೆ ಮಗು ಒಂದೊಂದು ಸದ್ದಿಗೆ ಒಂದೊಂದು ಬೀಜ ಚೌಕಕ್ಕೆ ತಳ್ಳಬೇಕು. ಇಲ್ಲಿ ಅಕ್ಷರ ಬೇಡ, ಕಿವಿ ಮತ್ತು ಬೆರಳು ಮಾತ್ರ. ಭೇಟಿಯಲ್ಲೇ ಮಾಡಿಸಿದಾಗ ಅವನು ಮನೆಯ ರೂಢಿಯಂತೆ “ಬಸ್ಸು” ಎಂದು ನಾಲ್ಕನೇ ಬೀಜ ಹುಡುಕಿದ. ಅವನ ಕಿವಿ ಸರಿಯಾಗಿಯೇ ಕೇಳಿತ್ತು! ಮನೆಯಲ್ಲಿ ಬಸ್ಸು, ಪೆನ್ನು, ಟಿನ್ನು ಎನ್ನುವುದನ್ನು ತಿದ್ದಬೇಕಿಲ್ಲ. ಚೌಕ ಮೂರೇ ಇದೆ, ಮೂರಕ್ಕೆ ನಿಲ್ಲಿಸು ಎಂದಷ್ಟೇ ಹೇಳಬೇಕು.

ಅಕ್ಷರಗಳ ಕ್ರಮದಲ್ಲಿ ಎಬಿಸಿಡಿ ಬಿಟ್ಟು ಎಸ್, ಎ, ಟಿ, ಪಿ, ಐ, ಎನ್ ಆರರಿಂದ ಆರಂಭಿಸಲು ಹೇಳಲಾಯಿತು. ಬ್ರಿಟನ್ನಿನ ಫೋನಿಕ್ಸ್ ಪಾಠಗಳಲ್ಲಿ ರೂಢಿಯಲ್ಲಿರುವ ಕ್ರಮ ಇದು. ಈ ಆರರಿಂದಲೇ ಸ್ಯಾಟ್, ನ್ಯಾಪ್, ಸಿಪ್, ಟ್ಯಾಪ್, ಪಿನ್, ಟಿನ್, ಪ್ಯಾನ್ ಎಲ್ಲ ಕಟ್ಟಬಹುದು. ನಮ್ಮ ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿ ಅ, ಆ, ಇ, ಈ ಬಿಟ್ಟು ರ, ಗ, ಸ, ದ, ಅ ಐದರಿಂದ ಹೊರಡುವುದೂ ಇದೇ ಕಾರಣಕ್ಕೆ: ಸರ, ದರ, ಅರಸ, ಗರಗಸ ಎಂಬ ಪದಗಳು ಆರಂಭದಲ್ಲೇ ಕೈಗೆ ಬರುತ್ತವೆ. ಪವನ್‌ಗೆ ಮೊದಲೆರಡು ವಾರ ವಾರಕ್ಕೆ ಮೂರು ಅಕ್ಷರ, ಆಮೇಲೆ ವಾರಕ್ಕೆ ಎರಡು: ಎಂ, ಡಿ, ಜಿ, ಓ, ಸಿ, ಕೆ. ‘ಡಿ’ ಕಲಿತು ಕನಿಷ್ಠ ಮೂರು ವಾರ ಕಳೆಯುವವರೆಗೆ ‘ಬಿ’ ಮುಟ್ಟಬಾರದು. ಹಳೆಯ ಮದುವೆ ಪತ್ರಿಕೆಗಳನ್ನು ಕತ್ತರಿಸಿ ಚೀಟಿ ಮಾಡಿ, ಸಣ್ಣಕ್ಷರ ಮಾತ್ರ ಬರೆದು, ಸ್ವರಗಳಿಗೆ ಕೆಂಪು ಬಣ್ಣ ಬಳಸಲು ಹೇಳಲಾಯಿತು.

ಕೂಡಿಸುವ ರೀತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೂರು ಸದ್ದನ್ನು ಬೇರೆ ಬೇರೆ ಹೇಳಿ ಕೊನೆಗೆ ಸೇರಿಸು ಎಂದರೆ ಮೂರನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಬದಲಿಗೆ ಮೊದಲೆರಡನ್ನು ಕಟ್ಟಿ ಇಟ್ಟುಕೊಳ್ಳಬೇಕು: ‘ಸ್’ ಎಳೆದು, ನಿಲ್ಲಿಸದೆ ಸ್ವರಕ್ಕೆ ಜಾರಿ ‘ಸಿ’, ಆಮೇಲೆ ‘ಪ್’ ಎಂದು ಮುಚ್ಚಿದರೆ ‘ಸಿಪ್’. ಕಾಗುಣಿತ ಬಲ್ಲ ಮಗುವಿಗೆ ಈ ದಾರಿ ಹಿಡಿಸುತ್ತದೆ, ಏಕೆಂದರೆ ‘ಸ್’ಗೆ ‘ಇ’ ಸೇರಿದರೆ ‘ಸಿ’ ಎಂಬುದು ಅವನಿಗೆ ಕನ್ನಡದಲ್ಲೇ ಗೊತ್ತು. ತಂದೆಯ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಕನ್ನಡ ನಿಲ್ಲಿಸಿದರೆ ಕೂಡಿಸುವುದನ್ನು ಕಲಿಸುವ ಸಾಧನವೇ ಕೈತಪ್ಪುತ್ತದೆ. ಕನ್ನಡ ಬೆಳಿಗ್ಗೆ, ಇಂಗ್ಲಿಷ್ ಸಂಜೆ ಎಂದು ಹೊತ್ತು ಬೇರೆ ಮಾಡಿದರೆ ಸಾಕು. ಮೊದಲು ಎಳೆಯುವ ಸದ್ದಿನಿಂದ ಶುರುವಾಗುವ ಪದ ತೆಗೆದುಕೊಳ್ಳಬೇಕು, ‘ಟ್ಯಾಪ್’, ‘ಪಿನ್’ ನಂತರ.

ಒಂದು ಅಭ್ಯಾಸವನ್ನು ಅಂದೇ ಬಿಡಲು ಹೇಳಲಾಯಿತು: ಇಂಗ್ಲಿಷ್ ಪದದ ಕೆಳಗೆ ಕನ್ನಡದಲ್ಲಿ ‘ಕ್ಯಾಟ್’ ಎಂದು ಬರೆದುಕೊಡುವುದು. ಓದುಗರಿಗೆ ತಿಳಿಸಲು ಇಲ್ಲಿ ಹಾಗೆ ಬರೆಯದೆ ಬೇರೆ ದಾರಿಯಿಲ್ಲ, ಆದರೆ ಮಗುವಿನ ಪುಸ್ತಕದಲ್ಲಿ ಅದು ಕೂಡದು. ಕಣ್ಣು ಸುಲಭವಾದ ಕಡೆಗೇ ಹೋಗುತ್ತದೆ, ಇಂಗ್ಲಿಷ್ ಅಕ್ಷರವನ್ನು ನೋಡುವುದೇ ಇಲ್ಲ. ಜೊತೆಗೆ ‘ಯ’ ಒತ್ತು ಕಂಡು, ಬರೆಯುವಾಗ ನಡುವೆ ‘ವೈ’ ಸೇರಿಸುತ್ತಾರೆ. ಪವನ್‌ನ ನೋಟ್ ಪುಸ್ತಕದಲ್ಲಿ ‘ಬ್ಯಾಗ್’ ಎಂಬ ಪದ ಬಿ, ವೈ, ಎ, ಜಿ ಎಂದು ನಾಲ್ಕಕ್ಷರದಲ್ಲಿತ್ತು. ಇಂಗ್ಲಿಷಿನ ‘ಎ’ ಅಕ್ಷರದ ಈ ಸದ್ದನ್ನು ಕನ್ನಡಿ ಹಿಡಿದು ಕಲಿಸುವುದು ಲೇಸು: ಕನ್ನಡದ ‘ಎ’ ಸ್ವರಕ್ಕೆ ಇಟ್ಟಷ್ಟೇ ನಾಲಿಗೆ ಮುಂದಿಟ್ಟು, ದವಡೆಯನ್ನು ಒಂದು ಬೆರಳಷ್ಟು ಹೆಚ್ಚು ಇಳಿಸಬೇಕು.

ದಿನಕ್ಕೆ ಹತ್ತು ನಿಮಿಷ, ವಾರಕ್ಕೆ ಐದು ದಿನ. ಎರಡು ನಿಮಿಷ ಹಳೆಯ ಚೀಟಿ, ಮೂರು ನಿಮಿಷ ಬೀಜದ ಆಟ, ಮೂರು ನಿಮಿಷ ಆರು ಪದಗಳ ಓದು, ಉಳಿದದ್ದರಲ್ಲಿ ಮೂರು ಪದ ಉಕ್ತಲೇಖನ. ಹತ್ತರಲ್ಲಿ ಎಂಟು ಸರಿ ಬರುವಷ್ಟು ಸುಲಭವಿರಬೇಕು. ಅದಕ್ಕಿಂತ ಹೆಚ್ಚು ತಪ್ಪಿದರೆ ಹೊಸ ಅಕ್ಷರ ನಿಲ್ಲಿಸಿ ಹಿಂದಿನ ವಾರಕ್ಕೆ ಹೋಗುವುದು. ತಡವರಿಸಿದಾಗ “ಚಿತ್ರ ನೋಡು”, “ಏನಿರಬಹುದು ಹೇಳು” ಎನ್ನಬಾರದು. ಮೊದಲ ಅಕ್ಷರದ ಕೆಳಗೆ ಬೆರಳಿಟ್ಟು ಬಲಕ್ಕೆ ಜಾರಿಸಬೇಕು. ಓದಿದ ಪದದ ಅರ್ಥ ಕೇಳಲೇಬೇಕು. ಅರ್ಥ ಗೊತ್ತಿಲ್ಲದಿದ್ದರೆ ಕನ್ನಡದಲ್ಲಿ ಹೇಳಿಬಿಡುವುದು.

ಟ್ಯೂಷನ್ ಮಿಸ್‌ಗೆ ಒಂದು ಚೀಟಿ ಬರೆದುಕೊಡಲಾಯಿತು: ಆರು ವಾರ ಸ್ಪೆಲಿಂಗ್ ಉರು ಬೇಡ, ಒಂದೇ ಪದವನ್ನು ಐದೈದು ಸಲ ಬರೆಸುವುದು ಬೇಡ. ಅವರು ಸಂತೋಷದಿಂದ ಒಪ್ಪಿದರು. ಹಾಡಿನ ವಿಡಿಯೊ ಬಿಡಿಸಲು ತಾಯಿಗೆ ಕಷ್ಟವಾಯಿತು, ಆದರೂ ಬಿಡಿಸಿದರು.

ಮೂರು ವಾರದ ನಂತರದ ಭೇಟಿಯಲ್ಲಿ ಸ್, ನ್, ಮ್ ಮೊದಲಿರುವ ಪದಗಳು ಬರುತ್ತಿದ್ದವು. ‘ಪಿನ್’ ಮಾತ್ರ “ಪ-ಇನ್” ಎಂದು ಒಡೆಯುತ್ತಿತ್ತು. ಅದಕ್ಕೆ ಸೂಚಿಸಿದ್ದು: ‘ಪ್’ಗೆ ತುಟಿ ಮುಚ್ಚಿ ಸದ್ದು ಮಾಡದೆ ಕಾಯುವುದು, ಕಣ್ಣಿನಿಂದ ಮುಂದಿನ ‘ಐ’ ಅಕ್ಷರ ನೋಡಿ ‘ಇ’ಗೆ ಬಾಯಿ ಸಿದ್ಧ ಮಾಡಿಕೊಂಡು ‘ಪಿ’ ಎಂದು ಒಮ್ಮೆಲೇ ಬಿಡುವುದು. ತಂದೆ ಆತುರದಿಂದ ‘ಸ್ಪಿನ್’ ಓದಿಸಿದ್ದರು, ಹುಡುಗ “ಇಸ್ಪಿನ್” ಎಂದಿದ್ದ. ಇಸ್ಕೂಲು, ಇಸ್ಪೀಟು ಎನ್ನುವ ನಾಲಿಗೆಗೆ ಇದು ಸಹಜ. ಮೂರಕ್ಷರದ ಪದ ತಡೆಯಿಲ್ಲದೆ ಬರುವವರೆಗೆ ಎರಡು ವ್ಯಂಜನ ಒಟ್ಟಿಗೆ ಬರುವ ಪದ ಮುಟ್ಟಬೇಡಿ ಎಂದು ಮತ್ತೆ ತಿಳಿಸಲಾಯಿತು.

ಹನ್ನೆರಡನೇ ವಾರದಲ್ಲಿ ಅರ್ಥವಿಲ್ಲದ ಪದಗಳನ್ನು ಕೊಟ್ಟು ನೋಡಲಾಯಿತು: ನಿಮ್, ಟ್ಯಾಸ್, ಡಾಪ್‌ನಂಥವು. ಇವನ್ನು ಕಂಠಪಾಠದಿಂದ ಹೇಳಲು ಸಾಧ್ಯವಿಲ್ಲವಾದ್ದರಿಂದ ಕೂಡಿಸುವುದು ನಿಜವಾಗಿ ಬಂದಿದೆಯೇ ಎಂದು ತಿಳಿಯುತ್ತದೆ. ಇಂಗ್ಲೆಂಡಿನ ಶಾಲೆಗಳಲ್ಲಿ 2012ರಿಂದ ನಡೆಯುವ 40 ಪದಗಳ ಫೋನಿಕ್ಸ್ ಪರೀಕ್ಷೆಯಲ್ಲಿ 20 ಪದ ಹೀಗೆ ಕಟ್ಟಿದವೇ ಇರುತ್ತವೆ. ಪವನ್ ಹತ್ತರಲ್ಲಿ ಎಂಟು ಓದಿದ. ‘ಎಗ್’ ಪದವನ್ನು “ಯೆಗ್” ಎಂದ, ಅದನ್ನು ತಪ್ಪೆಂದು ಎಣಿಸಲಿಲ್ಲ. ಅದು ನಮ್ಮ ಉಚ್ಚಾರ, ಓದಿನ ತೊಂದರೆಯಲ್ಲ.

ಮುಂದಿನ ಹಂತಕ್ಕೆ ಕೊಟ್ಟ ಸೂಚನೆ: ಉಳಿದ ಬಿಡಿ ಅಕ್ಷರ ಮುಗಿದ ಮೇಲೆ ಎರಡಕ್ಷರ ಸೇರಿ ಒಂದೇ ಸದ್ದಾಗುವ ‘ಎಸ್-ಎಚ್’, ‘ಸಿ-ಎಚ್’, ‘ಇ-ಇ’ ಜೋಡಿಗಳು. ಅವಕ್ಕೆ ಎರಡಲ್ಲ, ಒಂದೇ ಹುಣಸೆಬೀಜ. ‘ದ’, ‘ವಾಸ್’, ‘ಸೆಡ್’ನಂತೆ ನಿಯಮಕ್ಕೆ ಸಿಗದ ಪದಗಳು ವಾರಕ್ಕೆ ಎರಡು ಮಾತ್ರ, ಅವುಗಳಲ್ಲೂ ನಿಯಮಕ್ಕೆ ಸಿಗುವ ಅಕ್ಷರ ಯಾವುದು, ಸಿಗದ್ದು ಯಾವುದು ಎಂದು ತೋರಿಸಿ ಕಲಿಸುವುದು. ಇದೇ ಕ್ರಮದಲ್ಲಿ ಐದಾರು ತಿಂಗಳು ಹೇಳಿಕೊಟ್ಟರೂ ಮೂರಕ್ಷರದ ಪದ ಬಾರದಿದ್ದರೆ, ಕನ್ನಡದಲ್ಲೂ ಕಾಗುಣಿತ ನಿಲ್ಲದಿದ್ದರೆ, ಅಥವಾ ಹತ್ತಿರದ ಸಂಬಂಧಿಕರಲ್ಲಿ ಓದಿನ ತೊಂದರೆ ಇದ್ದರೆ ಕಾಯಬಾರದು. ಕಲಿಕಾ ನ್ಯೂನತೆಯ ಪ್ರಮಾಣಪತ್ರವನ್ನು ಸಾಮಾನ್ಯವಾಗಿ 8 ವರ್ಷಕ್ಕೆ ಮೊದಲು ಕೊಡುವುದಿಲ್ಲ. ಹಾಗೆಂದು ಸಹಾಯವನ್ನು ಅಲ್ಲಿಯವರೆಗೆ ಮುಂದೂಡಬೇಕಿಲ್ಲ. ಕೇಳಿಸುವುದರ ಬಗ್ಗೆ, ಮಾತಿನ ಬಗ್ಗೆ ಅನುಮಾನವಿರುವ ಮಕ್ಕಳನ್ನು ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಅಥವಾ ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗಕ್ಕೆ ಮೊದಲು ಕರೆದೊಯ್ಯಬೇಕು. ಪವನ್‌ಗೆ ಅದರ ಅಗತ್ಯ ಬೀಳಲಿಲ್ಲ. ಹತ್ತು ನಿಮಿಷದ ಪಾಠ ಒಂದನೇ ತರಗತಿ ಮುಗಿಯುವವರೆಗೆ ನಡೆಯಲಿ ಎಂದು ತಿಳಿಸಿ, ಎರಡು ತಿಂಗಳ ನಂತರ ಬರಲು ಹೇಳಲಾಗಿದೆ.