ಬಾಗಲಕೋಟಿ ಹಿನ್ನೀರಿನ್ಯಾಗ ಹುಟ್ಟು ಹಾಕಿ ಪ್ರಾಕ್ಟೀಸ್ ಮಾಡಿದ್ರ ಅಟ್ಲಾಂಟಿಕ್ ದಾಟಾಕ ಸಾಕಾಗ್ತೈತೇನ್ರಿ?

ಸಾಕಾಗಂಗಿಲ್ರಿ, ಆದ್ರ ಶುರು ಮಾಡಾಕ ಛಲೋ ಜಾಗಾನ. ಸಮುದ್ರದ ರೋಯಿಂಗ್ ಬೋಟಿನ್ಯಾಗ ಸೀಟು ಹಿಂದ-ಮುಂದ ಜಾರತೈತಿ, ಜೋರು ಹೆಚ್ಚಾಗಿ ಕಾಲಿಂದ ಬರೂದು, ಹಿಂಗಾಗಿ ಜಿಮ್‌ನ್ಯಾಗ ರೋಯಿಂಗ್ ಮಷೀನ್ ಮ್ಯಾಲ ತಾಸುಗಟ್ಲೆ ಕುಂದ್ರೂದು, ಸ್ಕ್ವಾಟ್, ಡೆಡ್‌ಲಿಫ್ಟ್ ಬೇಕ ಬೇಕು.

ಭಾಳ ಮಂದಿ ಹೋಗೂ ರೂಟು ಆಫ್ರಿಕಾದ ಪಶ್ಚಿಮಕ್ಕ ಇರೂ ಸ್ಪೇನಿನ ಕ್ಯಾನರಿ ದ್ವೀಪದ ಲಾ ಗೊಮೆರಾದಿಂದ ಕೆರಿಬಿಯನ್ ದ್ವೀಪ ಆಂಟಿಗುವಾ, ಸುಮಾರು 4,800 ಕಿಲೋಮೀಟರ್. ಡಿಸೆಂಬರ್‌ನ್ಯಾಗ ಬಿಡ್ತಾರ, ಆವಾಗ ಹರಿಕೇನ್ ಸೀಸನ್ ಮುಗಿದಿರ್ತೈತಿ, ಟ್ರೇಡ್ ವಿಂಡ್ (ಪೂರ್ವದಿಂದ ಪಶ್ಚಿಮದ ಕಡೆ ಬೀಸೂ ಗಾಳಿ) ಹಿಂದಿಂದ ದೂಡತೈತಿ. ರಾಷ್ಟ್ರಕವಿ ಜಿ.ಎಸ್. ಶಿವರುದ್ರಪ್ಪನವರ ಮೊಮ್ಮಗಳು ಅನನ್ಯಾ ಪ್ರಸಾದ್ ಇದ ರೂಟಿನ್ಯಾಗ ಒಬ್ಬರ 52 ದಿನದಾಗ ದಾಟಿ 2025ರಾಗ ದಂಡಿ ಮುಟ್ಟಿದ್ರು.

ನನ್ನ ಕೇಳಿದ್ರ ಖರೇ ತ್ರಾಸು ತೋಳಿಂದಲ್ಲ, ಕುಂಡಿದು. ಉಪ್ಪುನೀರು, ಬೆವರು, ಸೀಟಿನ ತಿಕ್ಕಾಟ ಕೂಡಿ ಹುಣ್ಣಾಗ್ತಾವು, ರೋಯಿಂಗ್ ಪಾಳಿ ಮುಗಿದಾಗೊಮ್ಮೆ ಸಿಹಿನೀರಿನ ಅರಬಿಲೆ ಒರೆಸಿ, ಒಣಗಿಸಿ, ಕ್ರೀಮ್ ಹಚ್ಕೋಬೇಕು. ಆ ಸಿಹಿನೀರು ಬರೂದು ಸಮುದ್ರದ ನೀರಿನ ಉಪ್ಪು ತೆಗಿಯೂ, ಸೋಲಾರ್ ಮ್ಯಾಲ ನಡಿಯೂ ವಾಟರ್‌ಮೇಕರಿಂದ, ಅದು ಕೆಟ್ರ ಕೈಲೆ ಒತ್ತಿ ಉಪ್ಪು ತೆಗಿಯೂ ಹ್ಯಾಂಡ್ ಪಂಪೇ ಗತಿ, ಅದಕ್ಕ ಬಿಚ್ಚಿ ರಿಪೇರಿ ಮಾಡೂದು ಮೊದಲ ಕಲೀರಿ.

ಬೋಟು ಮಗುಚಿದ್ರ ತಾನ ಎದ್ದು ನಿಲ್ತೈತಿ, ಆದ್ರ ಕ್ಯಾಬಿನ್ ಬಾಗಲಾ ಹಾಕಿದ್ರಷ್ಟ! ಸೊಂಟದ ಸೇಫ್ಟಿ ಹಗ್ಗ ಬಿಚ್ಚಂಗೇ ಇಲ್ಲ. ನ್ಯಾವಿಗೇಶನ್, ವಿಎಚ್‌ಎಫ್ ರೇಡಿಯೋ (ಹತ್ರದ ಹಡಗಿನ ಜೋಡಿ ಮಾತಾಡೂದು), ಸೀ ಸರ್ವೈವಲ್, ಫಸ್ಟ್ ಏಡ್ ಕೋರ್ಸ್ ಎಲ್ಲಾ ಮಾಡ್ಕೋರಿ. ಊಟಕ್ಕ ಬಿಸಿನೀರು ಹಾಕೂ ಫ್ರೀಜ್-ಡ್ರೈ ಪಾಕೀಟು ಒಯ್ತಾರ (ಜೋಡಿಗೆ ಅಮೀನಗಡ ಕರದಂಟು ಇಟ್ಕೊಂಡ್ರ ಏನೂ ತಪ್ಪಿಲ್ಲ, ಕ್ಯಾಲೊರಿ ಭರ್ತಿ ಇರ್ತೈತಿ).

ಹಿನ್ನೀರಿನ್ಯಾಗ ಅಲೆ, ವಾಂತಿ, ರಾತ್ರಿ ಕತ್ತಲಿ ಯಾವುದೂ ಗೊತ್ತಾಗಂಗಿಲ್ಲ, ಮಳಿಗಾಲ ಮುಗಿದ ಮ್ಯಾಲ ಕಾರವಾರ ಕಡೆ ಅನುಭವ ಇದ್ದಾರ ಜೋಡಿ ಸಮುದ್ರಕ್ಕ ಇಳೀರಿ.